ಮಶಾಕಸಾಬ ತಿಕ್ಕಿ ತೆಗೆದ ಮುಖ

ಮುದ್ದೇಬಿಹಾಳದ ಹಳೇ ಬಾವಿಯ ಪಕ್ಕದ ವೀರಗಲ್ಲಿಗೆ ಕರಿ ಮೀಸೆ, ಕೆಂಪು ರುಮಾಲು, ಅಗಲವಾದ ಬಿಳಿ ಕಣ್ಣು ಕೊಟ್ಟವನು ಪೇಂಟರ್ ಮಶಾಕಸಾಬ. ಅವನಪ್ಪ ಪ್ರತಿ ಯುಗಾದಿಗೆ ಆ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ. ಅದು ಅವರ ಮನೆತನದ ಸೇವೆ. ಸುಣ್ಣ ಒಂದೇ ಮಳೆಗೆ ತೊಳೆದು ಹೋಗುತ್ತದೆಂದು ಮಗ ಆಯಿಲ್ ಪೇಂಟು ಹಿಡಿದ. ಮೂವತ್ತು ವರ್ಷದಲ್ಲಿ ಒಂದು ಯುಗಾದಿಯನ್ನೂ ತಪ್ಪಿಸಲಿಲ್ಲ. ಅಂಗಡಿಗಳ ಬೋರ್ಡನ್ನೆಲ್ಲ ಫ್ಲೆಕ್ಸ್ ನುಂಗಿದ ಮೇಲೆ ಅವನ ಕೈಕೆಲಸ ಊರಲ್ಲಿ ಉಳಿದದ್ದು ಆ ಕಲ್ಲಿನ ಮೇಲಷ್ಟೇ. ಎದುರಿಗೆ ಚಹಾದಂಗಡಿ ಇಟ್ಟಿರುವ ನಾನು, "ಥೇಟ್ ನಿಮ್ಮ ಮಾವನಂಗ ಕಾಣ್ತಾನಲ್ಲೋ" ಎಂದು ಅವನನ್ನು ಕಾಡಿಸುತ್ತಿದ್ದೆ.

ಆ ಕಲ್ಲನ್ನು ತಮ್ಮ ಹಿರಿಯನೆಂದು ನಂಬಿದ ಮನೆ ಶೆಟ್ಟೆವ್ವನದು. ಎಂಬತ್ತು ದಾಟಿದ ಆ ಮುದುಕಿ ಸೋಮವಾರಕ್ಕೊಮ್ಮೆ ಬಂದು ಅದರ ಮುಖ ಸವರುತ್ತ, ಸೊಸೆಯ ಜಗಳದಿಂದ ಹಿಡಿದು ಎಮ್ಮೆ ಈದದ್ದರ ತನಕ ಎಲ್ಲವನ್ನೂ ಹೇಳಿಕೊಂಡು ಹೋಗುತ್ತಿದ್ದಳು.

ಹೋದ ವರ್ಷ ಕಾಲೇಜಿನ ಇತಿಹಾಸದ ಉಪನ್ಯಾಸಕಿ ಕೋಮಲ ಬಂದು ಫೋಟೊ ತೆಗೆದು, ಮಶಾಕಸಾಬನನ್ನು ಕರೆಸಿದಳು.

"ಕಾಕಾ, ಇದು ಏಳೆಂಟ ನೂರು ವರ್ಷದ ಕೆತ್ತನಿ ಐತ್ರಿ. ನಿಮ್ಮ ಬಣ್ಣದಾಗ ಖರೇ ಮುಖ ಮುಚ್ಚಿ ಹೋಗೈತಿ. ಇದನ್ನ ತೆಗೀಬೇಕ್ರಿ."

ಇಷ್ಟು ಹೇಳಿ ಹೋದಳು. ಪುರಾತತ್ವ ಇಲಾಖೆಗೆ ಬರೆದು ತಿಳಿದವರನ್ನು ಕರೆಸಬೇಕೆಂದು ಅವಳ ಮನಸ್ಸಿನಲ್ಲಿತ್ತಂತೆ. ಮನಸ್ಸಿನಲ್ಲಿದ್ದರೆ ಯಾರಿಗೆ ತಿಳಿಯಬೇಕು? ನನಗೆ ಈಗಲೂ ಸಿಟ್ಟು ಬರುತ್ತದೆ.

ಮಶಾಕಸಾಬ ಅಂದು ನನ್ನ ಅಂಗಡಿಯಲ್ಲಿ ಚಹಾ ಮುಟ್ಟದೆ ಕೂತ.

"ಸೇವಾ ಅಂತ ತಿಳಕೊಂಡು ಮುಖಕ್ಕ ಮಸಿ ಬಳದಂಗಾತಲ್ಲೋ. ನಾ ಹಚ್ಚಿದ್ದನ್ನ ನಾನ ತೆಗೀತೇನಿ. ಸೋಮವಾರ ಶೆಟ್ಟೆವ್ವ ಬರೋದ್ರೊಳಗ ಆಕಿಗಿ ಖರೇ ಹಿರ್ಯಾನ್ನ ತೋರಸ್ತೇನಿ."

ಪೇಂಟರಿಗೆ ಬಣ್ಣ ತೆಗೆಯುವ ದಾರಿ ಒಂದೇ. ಹಳೇ ಬಾಗಿಲಿಗೆ ಮಾಡುವಂತೆ ಕಾಸ್ಟಿಕ್ ಸೋಡಾ ಹಚ್ಚಿ, ಬಣ್ಣ ಉಬ್ಬಿದ ಮೇಲೆ ತಂತಿ ಬ್ರಷ್ಷಿನಿಂದ ಮೈ ಕಾಣುವ ತನಕ ತಿಕ್ಕಬೇಕು. ರವಿವಾರ ಬೆಳಿಗ್ಗೆ ಶುರು ಮಾಡಿದ. ನೀರು ಹೊತ್ತು ಕೊಟ್ಟವನು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ನಾನು ನಳದ ಹತ್ತಿರ ಕೊಡ ತುಂಬುತ್ತಿದ್ದಾಗ, "ಬಾರೋ, ಮುಖ ಬಂತು" ಎಂದು ಕೂಗಿದ. ನಾನು ಬರುವಷ್ಟರಲ್ಲಿ ಇನ್ನೂ ಚೊಕ್ಕ ಕಾಣಲೆಂದು ಮತ್ತೆ ನಾಲ್ಕು ಸಲ ತಿಕ್ಕಿಬಿಟ್ಟಿದ್ದ. ಒಳಗೊಳಗೇ ಪುಡಿಯಾಗಿದ್ದ ಆ ಮೆತ್ತನೆಯ ಕಲ್ಲನ್ನು ಇಷ್ಟು ದಿನ ಹಿಡಿದಿಟ್ಟದ್ದು ಅವನ ಬಣ್ಣವೇ. ಮೂಗು, ತುಟಿ, ಕಣ್ಣು ಎಲ್ಲ ರಾಡಿಯಾಗಿ ಬ್ರಷ್ಷಿಗೆ ಬಂದಿತ್ತು. ನನಗೆ ಕಂಡದ್ದು ಬೋಳು ಕಲ್ಲು.

ಸೋಮವಾರ ಶೆಟ್ಟೆವ್ವ ಬಂದು ಎಂದಿನಂತೆ ಕೈ ಚಾಚಿದಳು. ಬೆರಳು ಅಲ್ಲೇ ತಡಕಾಡಿದವು. ಮಶಾಕಸಾಬ ತಲೆ ತಗ್ಗಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಬಾಯಿಗೆ ಬಂದಂತೆ ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಿನಗರ ಕಂಡನಲ್ಲೋ ತಮ್ಮಾ. ಹೆಂಗಿದ್ದ, ಹೇಳು," ಎಂದಳು.

ಅವನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದ.

"ಕಂಡಿದ್ದ ಯವ್ವಾ, ಖರೇನ ಕಂಡಿದ್ದ. ಈಗ ನೆನಸಾಕ ಹೋದ್ರ ನಾ ಬರದ ಮುಖಾನ ಕಣ್ಣಮುಂದ ಬರತೈತಿ. ಅಂವಾ ನಿಮ್ಮ ಹಿರ್ಯಾ ಅಲ್ಲ."

ಶೆಟ್ಟೆವ್ವ ಕಲ್ಲಿನ ಮೇಲಿಂದ ಕೈ ತೆಗೆದಳು.

"ನಾ ಮೂವತ್ತ ವರ್ಷ ಮಾತಾಡಿದ್ದು ಅವನ ಕೂಡನ ಅಲ್ಲೇನೋ. ಅಂವನ್ನೂ ತೆಗದ್ಯಲ್ಲೋ ತಮ್ಮಾ."