ಬಾಯ್ಲರು ಎಂದಳು ನನ್ನ ಮೊಮ್ಮಗಳು

ನನ್ನ ಮೊಮ್ಮಗಳು ಶಾಲೆಯಲ್ಲಿ ಎಲ್ಲರ ಮುಂದೆ ನಿಂತು ಮಾತಾಡಿದಳು. ಇದನ್ನು ಬರೆಯದಿದ್ದರೆ ನನ್ನ ಎದೆ ಒಡೆದು ಹೋದೀತು. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ಅವಳಿಗೆ ಉಗ್ಗು. ಒಂದು ಅಕ್ಷರಕ್ಕೆ ನಾಲಿಗೆ ಸಿಕ್ಕಿಕೊಂಡರೆ ಸಾಕು, ಮನೆಯವರೆಲ್ಲ ಮುದ್ದಿನಿಂದಲೇ ಆ ಮಾತನ್ನು ಮುಗಿಸಿಕೊಡುತ್ತಿದ್ದೆವು. ಬರಬರುತ್ತಾ ಮಗು ಮಾತಾಡುವುದನ್ನೇ ಬಿಟ್ಟಿತು. ಅಂಥವಳು, ಇಷ್ಟವಾದ ವಿಷಯದ ಮೇಲೆ ಯಾರು ಮಾತಾಡುತ್ತೀರಿ ಎಂದು ಟೀಚರು ಕೇಳಿದಾಗ ತಾನಾಗಿ ಕೈಯೆತ್ತಿದ್ದಳು. ವಿಷಯ ಏನು ಗೊತ್ತೇ? ಜಪಾನಿನ ಹಳೆಯ ಉಗಿಬಂಡಿ ಇಂಜಿನ್ನು! ಸಿ ಅರವತ್ತೊಂದು ಅಂತ ಅದರ ಜಾತಿಯ ಹೆಸರು.

ನಾನು ಚಿನಕುರಳಿ ಹತ್ತಿರದ ಆಲೆಮನೆಯಲ್ಲಿ ಒಲೆಗೆ ರಚ್ಚು ಹಾಕುವವನು. ಹಿಂಡಿದ ಕಬ್ಬಿನ ಒಣ ಸಿಪ್ಪೆಯೇ ರಚ್ಚು. ಶಾಲೆ ಬಿಟ್ಟ ಮೇಲೆ ಅವಳು ಒಲೆಯ ಪಕ್ಕ ಕೂತು ನನಗೆ ಒಪ್ಪಿಸುತ್ತಿದ್ದಳು. ಯುದ್ಧ ಮುಗಿದಾಗ ಅಲ್ಲಿ ಸಾಮಾನು ಎಳೆಯುವ ಇಂಜಿನ್ನುಗಳು ಹೆಚ್ಚಾಗಿದ್ದವಂತೆ, ಜನರನ್ನು ಎಳೆಯುವವು ಸಾಲದೆ ಹೋದವಂತೆ. ಆಗ ಗೂಡ್ಸ್ ಇಂಜಿನ್ನಿನ ಬಾಯ್ಲರು ಬಿಚ್ಚಿ, ದೊಡ್ಡ ಚಕ್ರದ ಹೊಸ ಗಾಡಿಯ ಮೇಲೆ ಕೂರಿಸಿದರಂತೆ.

"ಹಳೇ ಕೊಪ್ಪರಿಗೆ ಎತ್ತಿ ಹೊಸಾ ಒಲೆ ಮ್ಯಾಗಿಟ್ಟಂಗೆ ಬುಡು," ಎಂದೆ.

"ಊಂ ತಾತ. ಕ... ಕಲ್ಲಿದ್ದಲು ಆಕಕ್ಕೂ ಅದ್ರಲ್ಲಿ ಮಿಷನ್ನೇ ಇತ್ತು."

"ಅಂಗಾರೆ ಜಪಾನಲ್ಲಿ ನಂಗೆ ಕೆಲ್ಸ ಇಲ್ಲ ಕಣವ್ವ!"

ಅಷ್ಟರಲ್ಲಿ ಒಲೆಯ ಮೇಲೆ ಕುದಿಯುತ್ತಿದ್ದ ಕಬ್ಬಿನ ಹಾಲು ಕೊಪ್ಪರಿಗೆಯ ಅಂಚಿಗೆ ಉಕ್ಕಿ ಬಂತು. ನಾನು ಕೈ ಕಟ್ಟಿ ಕೂತೆ.

"ಯಾಕ್ ತಾತ ಸುಮ್ಕಾದೆ?"

"ಉಕ್ಕೋವಾಗ ರಚ್ಚು ಆಕುದ್ರೆ ಎಲ್ಲಾ ಒಲೆ ಪಾಲು. ಅದ್ರ ಪಾಡಿಗೆ ಬುಟ್ರೆ ತಾನೇ ಇಳೀತದೆ."

ನೊರೆ ಇಳಿದದ್ದನ್ನು ಅವಳು ಬಗ್ಗಿ ನೋಡಿದಳು. "ಅಂಗಾರೆ ನನ್ ಮಾತು ನಿಂತಾಗ್ಲೂ ನೀನು ರ... ರಚ್ಚು ಆಕ್ಬ್ಯಾಡ."

ಅವಳು ಮಾತಾಡುವ ದಿನ ಮನೆಯವರನ್ನೂ ಕರೆದಿದ್ದರು. ಪಾಂಡವಪುರದ ಅವಳ ಶಾಲೆಯಲ್ಲಿ, ಹಿಂದಿನ ಬೆಂಚಿನಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಚೆನ್ನಾಗಿಯೇ ಶುರುಮಾಡಿದಳು. ಯುದ್ಧ ದಾಟಿದಳು. "ಗೂಡ್ಸ್ ಇಂಜಿನ್ನಿನ ಬಾ... ಬಾ..." ನಿಂತಳು. ಮುಖ ಕೆಂಪಾಯಿತು. ಮುಂದೆ ಕೂತಿದ್ದ ಯಾರೋ ಪುಣ್ಯಾತ್ಮ, "ಬಾಯ್ಲರ್ ಅನ್ನು ಮಗ," ಎಂದ.

ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಎದ್ದು ನಿಂತು ಕೂಗಿಬಿಟ್ಟೆ: "ಯಾವನ್ಲಾ ರಚ್ಚು ಆಕ್ದೋನು! ಉಕ್ತಾ ಅದೆ, ತಡೀಲಾ!"

ಇಡೀ ಕೋಣೆ ತಿರುಗಿ ನೋಡಿತು, ಆಮೇಲೆ ಗೊಳ್ಳೆಂದಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗುವಿನ ಮುಖ ನೋಡಿದರೆ ಅವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ!

"ಅವರು ನಮ್ಮ ತಾತ," ಎಂದಳು. "ಆಲೆಮನೇಲಿ ಒಲೆ ಉರಿಸ್ತಾರೆ. ಈ ಇಂಜಿನ್ನಲ್ಲಿ ಅವರಿಗೆ ಕೆ... ಕೆಲಸ ಸಿಗ್ತಿರಲಿಲ್ಲ." ಮತ್ತೆ ನಗು. ಅವಳು ಕಾದಳು. ನಗು ಇಳಿಯಿತು. ಈ ಸಲ ಯಾರೂ ರಚ್ಚು ಹಾಕಲಿಲ್ಲ.

"ಬಾ... ಬಾಯ್ಲರು," ಎಂದಳು.

ಉಗ್ಗುತ್ತಲೇ ಕೊನೆ ಮುಟ್ಟಿಸಿದಳು. ಎಷ್ಟೋ ವರ್ಷ ಪಾರ್ಕಿನಲ್ಲಿ ಸುಮ್ಮನೆ ನಿಂತಿದ್ದ ಅಂಥ ಒಂದು ಇಂಜಿನ್ನನ್ನು ರಿಪೇರಿ ಮಾಡಿ, ಮತ್ತೆ ಬೆಂಕಿ ಹಾಕಿ ಓಡಿಸಿದ ಕಥೆಯ ತನಕ.

ಬಸ್ಸಿನಲ್ಲಿ ಚಿನಕುರಳಿ ಬರುವವರೆಗೂ ಅವಳು ಬಾಯಿ ನಿಲ್ಲಿಸಲಿಲ್ಲ. ಕಂಡಕ್ಟರು ಟಿಕೆಟ್ ಹರಿಯುತ್ತಾ, "ಏನಜ್ಜ, ನಿನ್ ಮೊಮ್ಮಗ್ಳಿಗೆ ಮಾತು ಒಸಿ ಜಾಸ್ತಿ ಅಲ್ವಾ?" ಎಂದ.

"ಏನಂದೆ? ಇನ್ನೊಂದ್ಸತಿ ಅನ್ನಪ್ಪ," ಎಂದೆ.