ಹಬ್ಬದ ದಿನಗಳನ್ನು ಪಣಕ್ಕಿಟ್ಟ ಮಧ್ಯಾಹ್ನ

ನನ್ನ ತಾಯಿ ಇಸ್ಪೀಟಿನಲ್ಲಿ ಸೋತದ್ದನ್ನು ಹಲವು ಸಲ ಕಂಡಿದ್ದೇನೆ. ಸೋಲಬಾರದ ಕಡೆ ಸೋತದ್ದನ್ನು ಕಂಡಿಲ್ಲ. ದೋರನಹಳ್ಳಿಯ ನಮ್ಮ ಮನೆಯಲ್ಲಿ ನಾಗರ ಪಂಚಮಿಗೆ ಮುಂಚಿನ ಮಧ್ಯಾಹ್ನಗಳಲ್ಲಿ, ಉಂಡಿ ಕಟ್ಟುವ ಕೆಲಸ ಮುಗಿದ ಮೇಲೆ, ಹೆಂಗಸರು ಪಡಸಾಲೆಯಲ್ಲಿ ಕೂತು ಮೂರೆಲೆ ಆಡುವ ರೂಢಿಯಿತ್ತು. ಪಣಕ್ಕೆ ಹುರಿದ ಸೇಂಗಾ. ಗಂಡಸರು ಹೊರಗೆ ದುಡ್ಡಿಟ್ಟು ಆಡಿದರೆ ಅದು ಹಬ್ಬದ ಆಟ. ನಮ್ಮದು ಹೆಣ್ಣುಮಕ್ಕಳ ಹುಡುಗಾಟ. ಈ ತಾರತಮ್ಯವನ್ನು ಮೊದಲೇ ದಾಖಲಿಸುತ್ತೇನೆ, ಏಕೆಂದರೆ ಹುಡುಗಾಟವೆಂಬ ಹೆಸರಿನ ಮರೆಯಲ್ಲೇ ಆ ವರ್ಷದ ಕ್ರೌರ್ಯ ನಡೆಯಿತು.

ಅದು ಅಣ್ಣನ ಮದುವೆಯ ನಂತರದ ಮೊದಲ ಪಂಚಮಿ. ಅವನ ಹೆಂಡತಿ, ನನ್ನ ವೈನಿ, ಕಾಲುವೆ ಕೆಲಸದವರ ಕ್ಯಾಂಪಿನಲ್ಲಿ ಬೆಳೆದವಳು. ಅವಳ ತಂದೆ ಅಲ್ಲಿ ಮೇಸ್ತ್ರಿ. ನಮ್ಮ ಭಾಗದ ಕಾಲುವೆ ಮುಗಿದು ನೀರು ಹರಿದಿತ್ತು. ಹಬ್ಬ ಕಳೆದ ಕೂಡಲೇ ಕ್ಯಾಂಪಿನ ತಗಡಿನ ಮನೆಗಳನ್ನು ಕಿತ್ತು, ಅಲ್ಲಿಯ ಜನರನ್ನು ಸುರಪುರದ ಆಚೆಯ ಕೆಲಸಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಬೆಳೆದ ಮನೆಯಲ್ಲಿ ವೈನಿಗೆ ಅದೇ ಕೊನೆಯ ಪಂಚಮಿ. ಕರೆದೊಯ್ಯಲು ತಮ್ಮ ಬರುತ್ತಾನೆಂದು ಅವಳು ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿಟ್ಟಿದ್ದಳು. ಇದೆಲ್ಲ ತಾಯಿಗೆ ಗೊತ್ತಿತ್ತು. ಕ್ಯಾಂಪಿನವರನ್ನು ಊರಿಲ್ಲದ ಮಂದಿ ಎಂದು ಸೋದರತ್ತೆಯ ಮುಂದೆ ಅವಳು ಹಳಿಯುತ್ತಿದ್ದುದು ನನಗೂ ಗೊತ್ತಿತ್ತು.

ಆಟಕ್ಕೆ ನಾವು ನಾಲ್ವರು: ತಾಯಿ, ಸೋದರತ್ತೆ, ವೈನಿ, ಗುಲಬರ್ಗಾದ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು. ವೈನಿ ಎಲೆ ಮುಟ್ಟಿಯೂ ನೋಡದೆ ಆಡುತ್ತಿದ್ದಳು. ಪ್ರತಿ ಸುತ್ತಿನಲ್ಲೂ ಪಣ ಏರಿಸುವಳು. ನೋಡಿ ಆಡುವವರು ನೋಡದವಳಿಗಿಂತ ದುಪ್ಪಟ್ಟು ಹಾಕಬೇಕಾದ್ದರಿಂದ ನಾನೂ ಸೋದರತ್ತೆಯೂ ಸಾಧಾರಣ ಎಲೆ ಬಂದಾಗ ಹೆದರಿ ಬಿಟ್ಟುಬಿಡುತ್ತಿದ್ದೆವು. ಅವಳು ರಾಶಿ ಎಳೆದುಕೊಂಡು ನಗುವಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕದ್ದು ಆಗಲೇ.

ತಾಯಿ ಎದುರು ಏರಿಸಲಿಲ್ಲ. ಯಾರು ಎಂದೂ ಎಲೆ ಬಿಡುವುದಿಲ್ಲವೋ ಅವರನ್ನು ಹುಸಿ ಧೈರ್ಯದಿಂದ ಹೆದರಿಸಲಾಗದು ಎಂಬುದು ಅವಳಿಗೆ ತಿಳಿದಿತ್ತು. ಕೆಟ್ಟ ಎಲೆಗಳನ್ನು ಮರುಮಾತಿಲ್ಲದೆ ಕೆಳಗಿಟ್ಟಳು. ಚಿಕ್ಕ ಸೋಲುಗಳನ್ನು ನಗುತ್ತ ಒಪ್ಪಿಕೊಂಡಳು. ಅಂಥ ಆಟಗಾರ್ತಿಯ ಎದುರು ದೊಡ್ಡ ಎಲೆಗಾಗಿ ಕಾಯಬೇಕಿಲ್ಲ, ಒಂದು ಒಳ್ಳೆಯ ಜೋಡಿ ಸಾಕು. ಆಮೇಲೆ ರಾಶಿಯನ್ನು ಬೆಳೆಸುವ ಕೆಲಸವನ್ನು ಅವಳೇ ಮಾಡುತ್ತಾಳೆ. ಇಷ್ಟೇ ತಾಯಿಯ ವಿದ್ಯೆ. ಜಾಣತನವನ್ನು ನಾನು ಅಲ್ಲಗಳೆಯುವುದಿಲ್ಲ.

ಹಾಗೆ ತಾಯಿ ಒಂದೆರಡು ದೊಡ್ಡ ರಾಶಿ ಗೆದ್ದ ಮೇಲೆ, ಒಂದು ಸುತ್ತಿನಲ್ಲಿ ವೈನಿಯ ಸೇಂಗಾ ತೀರಿತು.

"ಸೇಂಗಾ ತೀರಿದ್ರ ಏನಾತು? ತವರಮನಿಗೆ ಹೊಂಟೀಯಲ್ಲ, ಅದರಾಗಿಂದು ಒಂದ್ ದಿನ ಇಡು," ಎಂದಳು ತಾಯಿ.

"ನಾ ದಿನ ಇಟ್ರ ನೀವೇನ್ ಇಡ್ತೀರಿ ಅತ್ತಿ?"

"ನಾನೂ ದಿನಾನ ಇಡ್ತೀನಿ. ಗೆದ್ರ ಇನ್ನೂ ಒಂದ್ ದಿನ ಇದ್ದು ಬಾ."

ಸೋದರತ್ತೆ ನಕ್ಕಳು. ಆ ಸುತ್ತನ್ನು ವೈನಿ ಗೆದ್ದಳು, ಮುಂದಿನದನ್ನೂ ಗೆದ್ದಳು. ಅಂದರೆ ತಾಯಿ ಗೆಲ್ಲಿಸಿದಳು. ಹೆಚ್ಚಿನ ದಿನಗಳು ಕೈಸೇರಿದಂತೆ ವೈನಿಯ ಕಣ್ಣು ಹೊಳೆಯತೊಡಗಿತು. ಮನೆ ಕೀಳುವ ತನಕ ಅಲ್ಲೇ ಇರುತ್ತೇನೆ, ಅವ್ವನ ಜೊತೆ ಸಾಮಾನು ಕಟ್ಟುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಇನ್ನು ಸಾಕು, ಎದ್ದುಬಿಡು ಎಂದು ನಾನು ಅವಳ ಮೊಣಕೈ ಒತ್ತಿದೆ. ಅವಳು ಏಳಲಿಲ್ಲ.

ಮುಂದಿನ ಸುತ್ತಿನಲ್ಲಿ ತಾಯಿ ಎಲೆ ನೋಡಿ ನಿಟ್ಟುಸಿರಿಟ್ಟಳು. ಬೇಡದ ಮನಸ್ಸಿನಿಂದ ಎಂಬಂತೆ ಪ್ರತಿ ಸಲವೂ ದುಪ್ಪಟ್ಟು ದಿನ ಸೇರಿಸಿದಳು. ನಾನೂ ಸೋದರತ್ತೆಯೂ ಬಿಟ್ಟೆವು. ವೈನಿ ನೋಡದೆಯೇ ಏರಿಸುತ್ತ ಹೋದಳು.

"ಇದ್ದಬದ್ದ ದಿನ ಎಲ್ಲಾ ಇಟ್ಟೀನಿ ಅತ್ತಿ. ಹೆದರಿದ್ರೇನು?"

"ಹೆದರಾಕತ್ತೀನಿ ಯವ್ವಾ," ಎಂದ ತಾಯಿ, ಅದರ ದುಪ್ಪಟ್ಟು ಹಾಕಿ ಎಲೆ ತೋರಿಸುವಂತೆ ಕೇಳಿದಳು.

ತಾಯಿಯದು ರಾಣಿಗಳ ಜೋಡಿ. ವೈನಿ ತನ್ನ ಮೂರು ಎಲೆಗಳನ್ನು ಆಗಲೇ ಮೊದಲ ಬಾರಿಗೆ ನೋಡಿದಳು. ಅವುಗಳಲ್ಲಿ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಇದು ಬರೀ ಆಟವೆಂದು ಎಲ್ಲರೂ ಎದ್ದುಬಿಡುತ್ತೇವೆಂದು ನಾನು ಭಾವಿಸಿದ್ದೆ. ತಾಯಿ ಎಲೆಗಳನ್ನು ಬಟ್ಟೆಯಲ್ಲಿ ಸುತ್ತಿ, ಚೀಲದ ಸೀರೆಗಳನ್ನು ಪೆಟ್ಟಿಗೆಗೆ ಹಾಕುವಂತೆ ವೈನಿಗೆ ಸಮಾಧಾನದಿಂದಲೇ ಹೇಳಿದಳು. ನಾನು ಜಗಳ ತೆಗೆದೆ. ಹೆಣ್ಣಿನ ತವರಿನ ದಿನಗಳು ಜೂಜಿನ ವಸ್ತುವಲ್ಲ, ಇದು ಶೋಷಣೆ ಎಂದೆ.

"ಆಕಿ ಗೆದ್ದಿದ್ರ ನಾ ಬ್ಯಾಡ ಅಂತಿದ್ದೆನೇನು? ನಿನ್ನ ಕಾಲೇಜಿನ್ಯಾಗ ಗೆದ್ದಾಗ ಅಷ್ಟೇ ಆಟ ಖರೇ ಅಂತಾರೇನು?" ಎಂದಳು ತಾಯಿ.

ಅದಕ್ಕೆ ಉತ್ತರ ನನಗೆ ಇಂದು ಗೊತ್ತು. ವೈನಿ ಇಟ್ಟದ್ದು ತನ್ನ ದಿನಗಳನ್ನು. ತಾಯಿ ಇಟ್ಟದ್ದೂ ವೈನಿಯ ದಿನಗಳನ್ನೇ. ಗೆದ್ದರೂ ಸೋತರೂ ತಾಯಿಯ ಗಂಟಿನಿಂದ ಹೋಗುವುದು ಏನೂ ಇರಲಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರಿಗೆ ತಾಳ್ಮೆ ಒಂದು ಗುಣವಲ್ಲ, ಸೌಲಭ್ಯ. ಎದುರಿನವಳನ್ನು ದುಡುಕಿನವಳೆಂದು ನಾವು ದೂರುತ್ತೇವೆ. ಅವಳ ಹಕ್ಕನ್ನು ಅವಳ ಎದುರಿಗೇ ಪಣವಾಗಿಟ್ಟವರನ್ನು ಜಾಣರೆನ್ನುತ್ತೇವೆ.

ಮರುದಿನ ವೈನಿಯ ತಮ್ಮ ಕೊಬ್ಬರಿ, ಕುಬಸದ ಬಟ್ಟೆ ಹಿಡಿದು ಬಂದ. ತಾಯಿ ಅವನಿಗೆ ಉಂಡಿ ಬಡಿಸಿ, ಬರುವುದಿಲ್ಲವೆಂಬುದನ್ನು ಅಕ್ಕನ ಬಾಯಿಂದಲೇ ಕೇಳಿಕೊ ಎಂದಳು. ವೈನಿ ನೆಲ ನೋಡುತ್ತ ಸೋತೆನೆಂದು ಒಪ್ಪಿಕೊಂಡಳು. ಹುಡುಗ ನನ್ನ ಅಣ್ಣನ ಮುಖ ನೋಡಿದ. ಅಣ್ಣ ಟವೆಲು ತೆಗೆದುಕೊಂಡು ಸ್ನಾನಕ್ಕೆ ಹೋದ. ಈ ಸ್ನಾನವನ್ನೂ ಅಪರಾಧಗಳ ಸಾಲಿಗೆ ಸೇರಿಸುತ್ತೇನೆ. "ಅಕ್ಕಗ ಆಟ ಚಲೋ ಕಲಿಸೀರಿ," ಎಂದು ತಾಯಿ ಅವನನ್ನು ಬಾಗಿಲ ತನಕ ಬಂದು ಕಳಿಸಿದಳು.

ಪಂಚಮಿಯ ದಿನ ಕಲ್ಲಿನ ನಾಗಪ್ಪನಿಗೆ ಹಾಲೆರೆಯಲು ಹೋದೆವು. ಮನೆಯ ಒಬ್ಬೊಬ್ಬರ ಪಾಲು ಹೇಳಿ ಎರೆಯುವುದು ನಮ್ಮ ಕಡೆಯ ಪದ್ಧತಿ. ವೈನಿ ಅತ್ತೆಯ ಪಾಲು, ಮಾವನ ಪಾಲು, ಗಂಡನ ಪಾಲು, ನನ್ನ ಪಾಲು ಎರೆದಳು. ಆಮೇಲೆ ತಗ್ಗಿದ ದನಿಯಲ್ಲಿ "ನಮ್ಮಪ್ಪನ ಪಾಲು" ಎಂದು ಬಟ್ಟಲು ಬಾಗಿಸಿದಳು. ತಾಯಿ ಅವಳ ಮಣಿಕಟ್ಟು ಹಿಡಿದಳು.

"ಅಲ್ಲಿ ಪಾಲು ಅಲ್ಲೇ ಎರಿಬೇಕು ಯವ್ವಾ. ಇಲ್ಲಿ ನಡಿಯಂಗಿಲ್ಲ."

ವೈನಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದಳು. ಹಾಲು ಇನ್ನೂ ಅರ್ಧದಷ್ಟು ಉಳಿದಿತ್ತು.