ಮಸ್ಕಿ ಮೈದಾನಕ್ಕೆ ಬಿಟ್ಟ ನೀರು

ಫುಟ್‌ಬಾಲ್ ಆಡಿದವನಿಗಿಂತ ನೋಡಿದವನ ಬಾಯಿ ದೊಡ್ಡದು. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸಿಂಧನೂರು ತಂಡಕ್ಕೂ ಲಿಂಗಸುಗೂರು ತಂಡಕ್ಕೂ ನಿರ್ಣಾಯಕ ಪಂದ್ಯ ನಡೆದದ್ದು ನಮ್ಮ ಮಸ್ಕಿಯಲ್ಲಿ. ಗೆದ್ದವರು ಜಿಲ್ಲಾ ಪಂದ್ಯಾವಳಿಗೆ, ಸೋತವರು ಮನೆಗೆ. ನಾನು ಹುಟ್ಟಿದ್ದು ಸಿಂಧನೂರು ಕಡೆಯ ಮುಕ್ಕುಂದದಲ್ಲಿ, ಹೆಂಡತಿಯ ತವರು ಲಿಂಗಸುಗೂರು. ಅವಳ ತಮ್ಮ ಆ ತಂಡದ ಡಿಫೆಂಡರ್. ಮೊಣಕಾಲು ಮಾತು ಕೇಳುತ್ತಿಲ್ಲ, ನನಗೆ ಇದೇ ಕೊನೆಯ ವರ್ಷ ಎಂದು ಅವನೇ ಹೇಳಿಕೊಂಡಿದ್ದ. ಜಿಲ್ಲೆಗೆ ಒಮ್ಮೆ ಆಡಬೇಕೆಂಬುದು ಅವನ ಹತ್ತು ವರ್ಷದ ಆಸೆ.

ಟ್ರ್ಯಾಕ್ಟರೂ ನೀರಿನ ಟ್ಯಾಂಕರೂ ನನ್ನ ಬಳಿ ಇದ್ದುದರಿಂದ ಮೈದಾನದ ಧೂಳು ಅಡಗಿಸುವ ಕೆಲಸ ನನ್ನ ಪಾಲಿಗೆ ಬಂತು. "ಒಂದ ಸುತ್ತು ಸಾಕ್ರಿ, ಕಪ್ಪು ಎರಿ ನೆಲ ಐತಿ, ಹೆಚ್ಚಾದ್ರ ಅಂಟತೈತಿ" ಎಂದಿದ್ದರು ಪಂದ್ಯ ನಡೆಸುವವರು. ಒಣಬೇಸಾಯದವರು ನೀರನ್ನು ತಂಬಿಗೆಯಲ್ಲಿ ಅಳೆಯುತ್ತಾರೆ. ಕಾಲುವೆ ನೀರಿನಲ್ಲಿ ಬೆಳೆದ ಸಿಂಧನೂರು ಕಡೆಯ ನಮಗೆ ಬಿಡುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ನನ್ನ ಕೈ ಒಂದು ಸುತ್ತಿಗೆ ನಿಲ್ಲಲಿಲ್ಲ.

ಸಂಜೆಗೆ ಮೇಲೆ ಒಣಗಿದಂತೆ ಕಂಡ ಕಪ್ಪು ಮಣ್ಣು, ಆಟ ಶುರುವಾದ ಸ್ವಲ್ಪ ಹೊತ್ತಿಗೆ ನಾದಿದ ಜೋಳದ ಹಿಟ್ಟಿನಂತೆ ಶೂಗಳಿಗೆ ಮೆತ್ತತೊಡಗಿತು. ಸಿಂಧನೂರು ತಂಡದಲ್ಲಿದ್ದ ಗೊರೇಬಾಳದ ಹುಡುಗರು ಶೂ ಕಿತ್ತೆಸೆದು ಬರಿಗಾಲಲ್ಲಿ ಓಡಿದರು. ಭತ್ತದ ಗದ್ದೆಯ ಕೆಸರು ತುಳಿದೇ ದೊಡ್ಡವರಾದವರು ಅವರು. ನಮ್ಮೂರ ಕಡೆಯ ಪಂದ್ಯ, ರೆಫರಿಯೂ ಬೇಡವೆನ್ನಲಿಲ್ಲ. ಲಿಂಗಸುಗೂರಿನವರಿಗೆ ಬರಿಗಾಲಿನ ರೂಢಿಯಿಲ್ಲ. ಕೊನೆಯ ನಿಮಿಷದಲ್ಲಿ ಭಾವಮೈದುನ ಚೆಂಡು ತಡೆಯಲು ತಿರುಗಿದ. ಮೈ ತಿರುಗಿತು, ಕಾಲು ಮಣ್ಣಿನಲ್ಲೇ ಉಳಿಯಿತು. ಅವನು ಕುಸಿದು ಕೂತ ಪಕ್ಕದಲ್ಲೇ ಹಾದು ಚೆಂಡು ಗೋಲು ಸೇರಿತು. ಪಂದ್ಯದಲ್ಲಿ ಬಿದ್ದದ್ದು ಅದೊಂದೇ ಗೋಲು.

ಅಂದು ಅವನು ನಮ್ಮ ಮನೆಯಲ್ಲೇ ಉಳಿದ. ಬೆಳಿಗ್ಗೆ ನನ್ನ ಹೆಂಡತಿ ತಮ್ಮನಿಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಬುತ್ತಿ ಕಟ್ಟಿಕೊಟ್ಟಳು. ಬಸ್ಸು ಬರುವವರೆಗೆ ಚಹಾ ಕುಡಿಯೋಣವೆಂದು ಸ್ಟ್ಯಾಂಡಿನ ಹೋಟೆಲಿಗೆ ಅವನನ್ನು ಕರೆದೊಯ್ದೆ. ಕೆಟ್ಟ ಗಳಿಗೆ. ಪಕ್ಕದ ಮೇಜಿನಲ್ಲಿ ಸಂತೆಗೆ ಬಂದ ಸಿಂಧನೂರಿನ ಮೂವರು ಕೂತು ಹಿಂದಿನ ದಿನದ ಗೆಲುವನ್ನು ಅಗಿಯುತ್ತಿದ್ದರು. ಮಂಡಾಳ, ಅಂದರೆ ಮಂಡಕ್ಕಿ ಒಗ್ಗರಣೆಯ ತಟ್ಟೆಯೇ ಮೈದಾನ, ಮಿರ್ಚಿಗಳೇ ಆಟಗಾರರು. ಮಿರ್ಚಿ ನಿಲ್ಲಿಸುತ್ತಿದ್ದವನು ಹುಟ್ಟಿದಾಗಿನಿಂದ ಚೆಂಡು ಒದ್ದವನಲ್ಲ. ಹೊಟ್ಟೆಯೇ ಸಾಕ್ಷಿ ಹೇಳುತ್ತಿತ್ತು.

"ನಮ್ಮ ಕೋಚ್ ಭಾಳ ಶಾಣ್ಯಾ ಲೇ. ಬಲಗಡಿಯಿಂದ ನುಗ್ರಿ ಅಂತ ಮೊದಲ ಹೇಳಿದ್ದ" ಎಂದ ಒಬ್ಬ.

"ಕೋಚೇನು ಮಣ್ಣು! ಅವರ ಡಿಫೆಂಡರ್‌ನ ನೋಡಿಲ್ಲೇನು? ಹೊಂಡದಾಗ ಎಮ್ಮಿ ಕುಂತಂಗ ಕುಂತ" ಎನ್ನುತ್ತಾ ಹೊಟ್ಟೆಯವನು ಡಿಫೆಂಡರ್ ಆಗಿದ್ದ ಮಿರ್ಚಿಯನ್ನು ಎತ್ತಿ ಕಚ್ಚಿದ. ಮೂವರೂ ನಕ್ಕರು.

ಭಾವಮೈದುನ ತಲೆ ಎತ್ತಲಿಲ್ಲ. "ಬಾಯಿಗೆ ಲಗಾಮು ಇರ್ಲಿ. ಆ ಡಿಫೆಂಡರ್ ಇಲ್ಲೇ ಕುಂತಾನ" ಎಂದು ಎದ್ದು ನಿಂತೆ.

ಹೊಟ್ಟೆಯವನು ನನ್ನ ಮುಖ ನೋಡಿ ಅರಳಿಬಿಟ್ಟ. "ಅರೇ, ಟ್ಯಾಂಕರಿನ ಸಾಹುಕಾರ್ರು! ನೀವು ಮುಕ್ಕುಂದದೋರಲ್ರೀ? ಖರೇ ಗೋಲ್ ಹೊಡದೋರು ನೀವ ನೋಡ್ರಿ. ಬರೋಬ್ಬರಿ ನೀರು ಬಿಟ್ಟು ನಮ್ಮವರನ್ನ ಗೆಲ್ಲಿಸಿದ್ರಿ!"

"ಬೇಕಂತ ಬಿಟ್ಟಿಲ್ಲ. ತಪ್ಪಿ ಹೆಚ್ಚಾತು."

"ಹೌದ್ರಿ, ಹೌದ್ರಿ, ತಪ್ಪೇ ಹೆಚ್ಚಾತು" ಎಂದು ಕಣ್ಣು ಹೊಡೆದ. ನಾನು ಅಲ್ಲ ಅಂದಷ್ಟೂ ಅವರಿಗೆ ನಗು. ನನಗೊಂದು ಚಹಾ ಬೇರೆ ಹೇಳಿದರು, ಮುಖಕ್ಕೆ ಎರಚಬೇಕೆನಿಸಿತು.

ಭಾವಮೈದುನ ಎದ್ದ. "ನಿನ್ನೆಯಿಂದ ನಾ ನನ್ನ ಕಾಲಿಗೆ ಬೈಕೊಳ್ಳಾಕತ್ತಿದ್ದೆ, ಮಾವ" ಎಂದ. ಮೇಜಿನ ಮೇಲಿದ್ದ ಬುತ್ತಿಯನ್ನು ನನ್ನ ಕಡೆ ಸರಿಸಿ, ತಿರುಗಿ ನೋಡದೆ ಬಸ್ಸು ಹತ್ತಿದ. ಅಕ್ಕನ ಬುತ್ತಿ ಬಿಟ್ಟು ಹೋದನೆಂದರೆ ನಮ್ಮ ಕಡೆ ಆ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದೇ ಅರ್ಥ.

ಬುತ್ತಿ ಹಿಡಿದು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ "ಎಷ್ಟ ಸುತ್ತು ಬಿಟ್ಟಿದ್ರಿ?" ಎಂದಷ್ಟೇ ಕೇಳಿದಳು.

"ಎರಡು" ಎಂದೆ.

ಬಿಟ್ಟದ್ದು ಮೂರು. ಎರಡನೆಯದು ಕೈಯ ಚಾಳಿ, ದೇವರಾಣೆಗೂ ಹೌದು. ಅದು ಮುಗಿದು ಟ್ರ್ಯಾಕ್ಟರ್ ಹೊರಗೆ ತರುವಾಗ, ಮೈದಾನ ನೋಡಲು ಬಂದಿದ್ದ ಗೊರೇಬಾಳದ ಹುಡುಗರು ಚಪ್ಪಲಿ ಬಿಟ್ಟು ಹಸಿ ಮಣ್ಣಿನಲ್ಲಿ ನಗುತ್ತಾ ಓಡಾಡುವುದು ಕಂಡಿತು. ಕಂಡ ಮೇಲೆಯೇ ನಾನು ಟ್ರ್ಯಾಕ್ಟರ್ ಮತ್ತೆ ಒಳಗೆ ತಿರುಗಿಸಿದ್ದು. ಆ ಹೊಟ್ಟೆಯವನ ಮೇಲಿನ ಸಿಟ್ಟು ಇಳಿಯದಿರುವುದಕ್ಕೆ ಕಾರಣ ಇಷ್ಟೇ: ಅಷ್ಟೆಲ್ಲ ಸುಳ್ಳು ಹರಟೆಯ ನಡುವೆ ಅವನು ಹೇಳಿದ ಒಂದೇ ಒಂದು ನಿಜ ನನ್ನ ಕುರಿತದ್ದಾಗಿತ್ತು.